ಮೂಕಚಿತ್ರಗಳಿಗೊಂದು ತರ್ಪಣ

ಕಾರವಾರದ ಪೇಟೆಯಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಬರುವವು; ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕನ್ನಡದ ಸೊಗಸು ಮತ್ತೊಂದು ಬಗೆಯದು. ಇಂಥ ಬಹುಭಾಷೆಯ ಸೀಮೆಯವರಿಗೆ ಮೂಕಚಿತ್ರದ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ತಾಯ್ನುಡಿ ಎಂಬುದಿರಲಿಲ್ಲ. ನಡುನಡುವೆ ತೋರುವ ಬರಹದ ಫಲಕಗಳನ್ನು ಬದಲಿಸಿದರೆ ಒಂದೇ ಚಿತ್ರವು ಎಲ್ಲ ಪ್ರಾಂತಗಳಿಗೂ ಸಲ್ಲುತ್ತಿತ್ತು.

ಈ ಕಲೆಗೆ ಕನ್ನಡ ನಾಡೂ ತನ್ನ ಕಾಣಿಕೆಯನ್ನು ಸಲ್ಲಿಸಿದೆ. ಬೆಂಗಳೂರಿನಲ್ಲಿ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿಯು ಅನೇಕ ಮೂಕಚಿತ್ರಗಳನ್ನು ತೆಗೆಯಿತು. ಶೂದ್ರಕನ ಮೃಚ್ಛಕಟಿಕವನ್ನು ಆಧರಿಸಿ ಮೋಹನ ಭವನಾನಿಯವರು ನಿರ್ದೇಶಿಸಿದ 'ವಸಂತಸೇನಾ' (1931) ಚಿತ್ರದಲ್ಲಿ ಏಣಾಕ್ಷಿ ರಾಮರಾಯರೊಡನೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಅಭಿನಯಿಸಿದರು. 1930ರಲ್ಲಿ ಅಂಕೋಲೆಯ ಜನರು ಉಪ್ಪಿನ ಕಾಯಿದೆಯನ್ನು ಮುರಿದಾಗ, ಅತ್ತ ಮುಂಬಯಿಯಲ್ಲಿ ಅದನ್ನೇ ಮುರಿದು ಸೆರೆಮನೆ ಸೇರಿದ ಧೀರೆ ಇವರೇ. ಅವರ ಅಭಿನಯವನ್ನು ಇಂದು ನೋಡುವೆವೆಂದರೆ ಚಿತ್ರವೇ ಇಲ್ಲ.

ಭಾರತದಲ್ಲಿ ಸುಮಾರು 1300 ಮೂಕಚಿತ್ರಗಳು ತಯಾರಾದವೆಂದು ಎಣಿಕೆ. ಉಳಿದಿರುವವು ಮೂವತ್ತರ ಆಸುಪಾಸು, ಅವುಗಳಲ್ಲಿಯೂ ಕೆಲವು ತುಂಡುಗಳು ಮಾತ್ರ. ನೈಟ್ರೇಟ್ ಸುರುಳಿಯು ಬೇಗನೆ ಉರಿಯುವಂಥದು, ಸೆಖೆಗೂ ತೇವಕ್ಕೂ ಕೊಳೆಯುವಂಥದು. ಲೇಪದ ಬೆಳ್ಳಿಯ ಆಸೆಗೆ ಕರಗಿಸಿದವರೂ ಉಂಟು. ವಾಕ್ಚಿತ್ರ ಬಂದಮೇಲಂತೂ ಮೂಕಚಿತ್ರವನ್ನು ಕೇಳುವವರೇ ಇಲ್ಲವಾದರು. ಆ ವಾಕ್ಚಿತ್ರದ ಪಾಡೂ ಬೇರೆಯಾಗಲಿಲ್ಲ: ಕನ್ನಡದ ಮೊದಲನೆಯ 'ಸತಿ ಸುಲೋಚನಾ' (1934) ಕೂಡ ಅಳಿದುಹೋಗಿದೆ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪನೆಯಾದದ್ದು 1964ರಲ್ಲಿ. ಅಷ್ಟರೊಳಗೆ ಬಹುಭಾಗ ನಷ್ಟವಾಗಿತ್ತು.

ಹೀಗೆ ಅಳಿದ ಕಲೆಗೆ ಸಲ್ಲಿಸಿದ ತರ್ಪಣವೆಂದು ಸಿಂಗೀತಂ ಶ್ರೀನಿವಾಸರಾಯರ 'ಪುಷ್ಪಕ ವಿಮಾನ'ವನ್ನು (1987) ಎಣಿಸಬಹುದು. ಶೃಂಗಾರ ನಾಗರಾಜರು ನಿರ್ಮಿಸಿದ ಈ ಚಿತ್ರದಲ್ಲಿ ಸದ್ದಿದೆ, ಸಂಗೀತವಿದೆ, ಸಂಭಾಷಣೆಯಿಲ್ಲ. ಆದುದರಿಂದಲೇ ಅದು ಹೆಸರನ್ನಷ್ಟೇ ಬದಲಿಸಿಕೊಂಡು ತಮಿಳು, ತೆಲುಗು, ಮಲೆಯಾಳ, ಹಿಂದೀ ಸೀಮೆಗಳನ್ನು ಹೊಕ್ಕಿತು. ಮಾತು ಬಂದಾಗ ಎದ್ದ ಗೋಡೆಯನ್ನು ಮೌನವು ಮತ್ತೊಮ್ಮೆ ದಾಟಿತು.

ಆ ಚಿತ್ರದ ಕೊನೆಯಲ್ಲಿ ನಾಯಕಿಯು ಗುಲಾಬಿಯೊಡನೆ ಕೊಟ್ಟ ಚೀಟಿಯು ಗಾಳಿಗೆ ಹಾರಿಹೋಗುವದು. ನಾಯಕನ ಕೈಯಲ್ಲಿ ಹೂವಷ್ಟೇ ಉಳಿಯುವದು. ನಮ್ಮ ಮೂಕಚಿತ್ರಗಳ ಗತಿಯೂ ಇದೇ: ಹೆಸರುಗಳು ಉಳಿದಿವೆ, ಚಿತ್ರಗಳು ಹಾರಿಹೋಗಿವೆ. ಹಳೆಯ ಕರಪತ್ರವಾಗಲಿ, ಭಾವಚಿತ್ರವಾಗಲಿ ನಮ್ಮ ಜಿಲ್ಲೆಯ ಮನೆಗಳ ಅಟ್ಟದ ಮೇಲೆ ಉಳಿದಿದ್ದರೆ, ವಾಚಕರು ಅದನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಬಿಡಿಸಿ ನೋಡಲಿ.