ಗ್ರೀಕರ ಪಾನಗೋಷ್ಠಿಯಲ್ಲಿ ಕನ್ನಡದ ಮಾತು?

ಸಮುದ್ರದ ದಂಡೆಯಲ್ಲೊಂದು ದೇವಿಯ ಗುಡಿ. ಅಲ್ಲಿ ಆ ನಾಡಿನ ರಾಜನೂ ಅವನ ಪರಿವಾರವೂ ಸೇರಿದೆ. ದೂರ ದೇಶದಿಂದ ಹಡಗಿನಲ್ಲಿ ಬಂದ ಗ್ರೀಕರು ಎಲ್ಲರಿಗೂ ಮದ್ಯ ಹಂಚುತ್ತಿದ್ದಾರೆ. ಯಾರಿಗೆ ಎಷ್ಟು ಪಾಲು ಎಂದು ಚೀಟಿ ಎತ್ತುವ ಮಾತು ಬರುತ್ತದೆ. ಕುಡಿತ ಏರುತ್ತಿದ್ದಂತೆ ವಾದ್ಯ ಮೊಳಗುತ್ತದೆ. ರಾಜನೇ ಮುಂದೆ ನಿಂತು ಕುಣಿಯುತ್ತಾನೆ. ಅಮಲೇರಿದ ರಾಜನನ್ನು ಅತಿಥಿಗಳು ಕಟ್ಟಿಹಾಕಿ, ಗುಡಿಯಲ್ಲಿ ಸೆರೆಯಾಗಿದ್ದ ತಮ್ಮ ಹೆಣ್ಣುಮಗಳನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ.

ಇದು ಹದಿನೆಂಟು ಶತಮಾನಗಳಿಗೂ ಹಿಂದೆ ಈಜಿಪ್ಟಿನ ಪ್ರೇಕ್ಷಕರನ್ನು ನಗಿಸಲು ಬರೆದ ಒಂದು ಗ್ರೀಕ್ ಪ್ರಹಸನದ ಕಥೆ. ನಮಗೆ ಇದರಲ್ಲಿ ಆಸಕ್ತಿ ಹುಟ್ಟಲು ಕಾರಣವಿದೆ. ಕಥೆ ನಡೆಯುವುದು ಭಾರತದ ಕರಾವಳಿಯಲ್ಲಿ. ಅಲ್ಲಿನ ರಾಜ ಮತ್ತು ಅವನ ಜನ ಆಡುವ ಮಾತು ಗ್ರೀಕ್ ಅಲ್ಲ. ಆ ಮಾತು ಕನ್ನಡ ಎಂದು ಕೆಲವು ವಿದ್ವಾಂಸರು ವಾದಿಸಿದರು. ಅಲ್ಲವೇ ಅಲ್ಲ ಎಂದು ಮತ್ತೆ ಕೆಲವರು ತಳ್ಳಿಹಾಕಿದರು. ಕನ್ನಡದ ಪ್ರಾಚೀನತೆಯ ಪ್ರಸ್ತಾಪ ಬಂದಾಗಲೆಲ್ಲ ಭಾಷಣಗಳಲ್ಲಿ ಕೇಳಿಬರುವ ಈ ಪ್ರಹಸನ ನಿಜಕ್ಕೂ ನಮಗೆ ಏನು ಹೇಳುತ್ತದೆ?

ಕಸದ ಗುಡ್ಡೆಯಲ್ಲಿ ಸಿಕ್ಕ ನಾಟಕ

ಈಜಿಪ್ಟಿನ ಕೈರೋ ನಗರದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣವಿತ್ತು. ಚೂಪು ಮೂತಿಯ ಒಂದು ಮೀನಿನಿಂದ ಆ ಊರಿಗೆ ಈ ಹೆಸರು ಬಂತು. ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896-97ರ ಚಳಿಗಾಲದಲ್ಲಿ ಅಲ್ಲಿ ಅಗೆತ ಆರಂಭಿಸಿದರು. ಅವರು ಅಗೆದದ್ದು ಅರಮನೆಯನ್ನಲ್ಲ, ಊರಿನ ಹಳೆಯ ತಿಪ್ಪೆಗಳನ್ನು. ಮಳೆಯೇ ಅಪರೂಪವಾದ ಆ ನೆಲದಲ್ಲಿ ಬೇಡವೆಂದು ಎಸೆದ ಕಾಗದಪತ್ರಗಳು ಸಾವಿರಾರು ವರ್ಷ ಕೊಳೆಯದೆ ಉಳಿದಿದ್ದವು. ತೆರಿಗೆ ಲೆಕ್ಕ, ಸಾಲದ ಪತ್ರ, ಮನೆಯವರ ಓಲೆ, ಕಾವ್ಯದ ತುಣುಕು ಎಲ್ಲವೂ ಒಟ್ಟಿಗೇ ಸಿಕ್ಕವು. ಇವೆಲ್ಲ ಪಪೈರಸ್ ಎಂಬ ಜೊಂಡಿನ ಜಾತಿಯ ಗಿಡದಿಂದ ಮಾಡಿದ ಹಾಳೆಗಳು.

ಈ ರಾಶಿಯಲ್ಲಿ 413ನೆಯ ಸಂಖ್ಯೆ ಪಡೆದ ಹಾಳೆಯಲ್ಲಿ ನಮ್ಮ ಪ್ರಹಸನವಿದೆ. ಅದು 1903ರಲ್ಲಿ ಅಚ್ಚಾಯಿತು. ಹಸ್ತಪ್ರತಿ ಕ್ರಿ.ಶ. 2ನೆಯ ಶತಮಾನದ್ದೆಂದು ಹೇಳುತ್ತಾರೆ. ಈಗ ಅದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ನಾಟಕದ ಹೆಸರು ಉಳಿದಿಲ್ಲ, ಬರೆದವನ ಹೆಸರೂ ಇಲ್ಲ. ಸೆರೆಯಾದ ನಾಯಕಿಯ ಹೆಸರು ಖಾರಿಟಿಯಾನ್ ಆದ್ದರಿಂದ ವಿದ್ವಾಂಸರು ನಾಟಕವನ್ನೂ ಆ ಹೆಸರಿನಿಂದಲೇ ಕರೆಯುತ್ತಾರೆ. ಮಾತುಗಳ ನಡುವೆ ಅಲ್ಲಲ್ಲಿ ವಾದ್ಯ ಬಾರಿಸಬೇಕಾದ ಜಾಗಕ್ಕೆ ಗುರುತು ಹಾಕಲಾಗಿದೆ. ಹೀಗಾಗಿ ಇದು ಓದುವುದಕ್ಕೆಂದು ಇಟ್ಟುಕೊಂಡ ಪುಸ್ತಕವಲ್ಲ, ರಂಗಕ್ಕೆ ಬಳಸಿದ ಪ್ರತಿ ಎಂದು ಊಹಿಸಬಹುದು. ಚನ್ನಗಿರಿ, ಬಸವಾಪಟ್ಟಣದ ಕಡೆಯ ಜಾತ್ರೆಗಳಲ್ಲಿ ಡೊಳ್ಳಿನ ಪೆಟ್ಟಿಗೆ ಹೆಜ್ಜೆ ಬದಲಾಗುವುದನ್ನು ನೋಡಿದವರಿಗೆ ಇಂತಹ ಗುರುತಿನ ಉಪಯೋಗ ವಿವರಿಸಬೇಕಾಗಿಲ್ಲ.

ನೀರು ಬೆರೆಸದ ಮದ್ಯ

ನಾಟಕದ ಹಾಸ್ಯ ಅರ್ಥವಾಗಬೇಕಾದರೆ ಗ್ರೀಕರ ಪಾನಗೋಷ್ಠಿಯ ಕ್ರಮ ತಿಳಿದಿರಬೇಕು. ಊಟ ಮುಗಿದ ಮೇಲೆ ಗಂಡಸರು ಮಂಚಗಳ ಮೇಲೆ ಒರಗಿ ಕುಡಿಯಲು ಕೂಡುತ್ತಿದ್ದರು. ನಡುವೆ ದೊಡ್ಡದೊಂದು ಹಂಡೆ. ದ್ರಾಕ್ಷಾರಸದ ಮದ್ಯವನ್ನು ಅದರಲ್ಲಿ ನೀರಿನೊಂದಿಗೆ ಬೆರೆಸಿ ಎಲ್ಲರಿಗೂ ಹಂಚುವುದು ಪದ್ಧತಿ. ನೀರೆಷ್ಟು, ಮದ್ಯವೆಷ್ಟು ಎಂದು ಹೇಳಲು ಗೋಷ್ಠಿಗೊಬ್ಬ ಯಜಮಾನನೂ ಇರುತ್ತಿದ್ದ. ಹಾಡು, ಕುಣಿತ, ಚರ್ಚೆ ಎಲ್ಲವೂ ಈ ಹಂಡೆಯ ಸುತ್ತ ನಡೆಯುತ್ತಿದ್ದವು. ನೀರು ಬೆರೆಸದೆ ಕುಡಿಯುವುದು ಅವರ ದೃಷ್ಟಿಯಲ್ಲಿ ಒರಟರ ಚಾಳಿ. ಸ್ಪಾರ್ಟಾದ ರಾಜ ಕ್ಲಿಯೊಮಿನೀಸ್ ಹಾಗೆ ಕುಡಿಯುವುದನ್ನು ಸಿಥಿಯನ್ನರಿಂದ ಕಲಿತು ಹುಚ್ಚನಾದನೆಂಬ ಮಾತನ್ನು ಇತಿಹಾಸಕಾರ ಹೆರೊಡೊಟಸ್ ದಾಖಲಿಸಿದ್ದಾನೆ.

ಪ್ರಹಸನದ ಗ್ರೀಕರು ಹೂಡುವ ಉಪಾಯ ಇಲ್ಲಿಂದಲೇ ಹುಟ್ಟುತ್ತದೆ. ಈ ನಾಡಿನಲ್ಲಿ ಮದ್ಯ ಮಾರಾಟಕ್ಕೆ ಸಿಗುವುದಿಲ್ಲ, ಆದ್ದರಿಂದ ಸಿಕ್ಕಾಗ ಇಲ್ಲಿಯವರು ಅನುಭವವಿಲ್ಲದೆ ನೀರು ಬೆರೆಸದೆಯೇ ಕುಡಿದುಬಿಡುತ್ತಾರೆ ಎಂದು ಅವರು ಮಾತಾಡಿಕೊಳ್ಳುತ್ತಾರೆ. ರಾಜ ಚಂದ್ರದೇವಿಗೆ ಸ್ತುತಿ ಹೇಳುತ್ತಾನೆ, ಭಾರತದ ನಾಯಕರನ್ನು ಕರೆದು ಕುಣಿತದ ಹೆಜ್ಜೆ ಹಾಕಲು ಹೇಳುತ್ತಾನೆ. ಕಥೆ ನಡೆಯುವುದು ಭಾರತದಲ್ಲಿ ಎಂಬುದಕ್ಕೆ ನಾಟಕದೊಳಗೇ ಇರುವ ಸಾಕ್ಷಿ ಇದು. ನಡುವೆ ಒಬ್ಬ ವಿದೂಷಕ ಹೊಟ್ಟೆಯ ಗಾಳಿಯನ್ನೇ ಆಯುಧ ಮಾಡಿಕೊಂಡು ಶತ್ರುಗಳನ್ನು ಓಡಿಸುವ ಹಾಸ್ಯವೂ ಉಂಟು. ಗಂಭೀರವಾದ ಮಾತಾಡುವವಳು ನಾಯಕಿ ಒಬ್ಬಳೇ. ಹೋಗುವಾಗ ದೇವಿಯ ಕಾಣಿಕೆಗಳನ್ನೂ ದೋಚೋಣ ಎಂದು ವಿದೂಷಕ ಸೂಚಿಸಿದಾಗ ಅವಳು ತಡೆಯುತ್ತಾಳೆ. ಪಾಪ ಮಾಡುತ್ತಾ ಬೇಡಿಕೊಂಡರೆ ದೇವರು ಕಿವಿಗೊಡುವುದಿಲ್ಲ ಎಂಬುದು ಅವಳ ವಾದ.

ಈ ಕಥೆಯ ಎಳೆಗಳು ಹೊಸವಲ್ಲ. ಪರದೇಶದ ಗುಡಿಯಲ್ಲಿ ಸಿಕ್ಕಿಬಿದ್ದ ಅಕ್ಕನನ್ನು ತಮ್ಮ ಬಿಡಿಸುವ ಕಥೆಯನ್ನು ಕ್ರಿ.ಪೂ. 5ನೆಯ ಶತಮಾನದಲ್ಲೇ ಯೂರಿಪಿಡೀಸ್ ತನ್ನ ಇಫಿಜೀನಿಯಾ ನಾಟಕದಲ್ಲಿ ಬರೆದಿದ್ದ. ಬಲಶಾಲಿಗೆ ಕುಡಿಸಿ ತಪ್ಪಿಸಿಕೊಳ್ಳುವ ಉಪಾಯ ಅದಕ್ಕೂ ಹಳೆಯದು. ಹೋಮರನ ಮಹಾಕಾವ್ಯದಲ್ಲಿ ಒಡಿಸ್ಯೂಸ್ ಒಕ್ಕಣ್ಣ ರಾಕ್ಷಸನನ್ನು ಗೆಲ್ಲುವುದು ಹೀಗೆಯೇ. ಎಂದರೆ, ನಮ್ಮ ಕರಾವಳಿಯ ರಾಜನೊಬ್ಬ ಕುಡಿದು ಕುಣಿದದ್ದನ್ನು ಯಾರೋ ಕಣ್ಣಾರೆ ಕಂಡು ಬರೆದ ವರದಿ ಇದಲ್ಲ. ಗ್ರೀಕ್ ಪ್ರೇಕ್ಷಕರಿಗೆ ಚಿರಪರಿಚಿತವಾದ ತಮಾಷೆಗೆ ಭಾರತದ ವೇಷ ತೊಡಿಸಿದ್ದಾರೆ.

ಕನ್ನಡ ಕೇಳಿಸಿದ್ದು ಯಾರಿಗೆ?

ನಾಟಕ ಅಚ್ಚಾದ ಮರುವರ್ಷವೇ, 1904ರಲ್ಲಿ, ಜರ್ಮನ್ ವಿದ್ವಾಂಸ ಇ. ಹುಲ್ಟ್ಷ್ ಇದರ ಬಗ್ಗೆ ಲೇಖನ ಬರೆದರು. ದಕ್ಷಿಣ ಭಾರತದ ಶಾಸನಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಅವರಿಗೆ ರಾಜನ ಮಾತುಗಳಲ್ಲಿ ಕನ್ನಡದ ಸುಳಿವು ಕಂಡಿತು. ಆ ದೃಷ್ಟಿಯಿಂದ ಓದಿದಾಗ ಬೇರೆ, ಕೊಂಚ, ಮಧು, ಪಾತ್ರಕ್ಕೆ, ಪಾನ ಎಂಬಂತಹ ಪದಗಳು ಅಲ್ಲಿ ಕೇಳಿಸುತ್ತವೆ. ಕುಡಿಯುವ ಸಂದರ್ಭಕ್ಕೆ ಇವು ಒಪ್ಪುವ ಪದಗಳೇ. ಅಷ್ಟೇ ಅಲ್ಲ, ಕೆಲವೆಡೆ ರಾಜನ ಕಡೆಯವರು ಆಡಿದ ಮಾತಿನ ಅರ್ಥವನ್ನು ಗ್ರೀಕ್ ಪಾತ್ರವೊಂದು ತನ್ನವರಿಗೆ ಬಿಡಿಸಿ ಹೇಳುತ್ತದೆ. ಪಾಲಿಗಾಗಿ ಚೀಟಿ ಎತ್ತೋಣ ಎನ್ನುತ್ತಾರೆ, ಬೇಗ ಕುಡಿಯಲು ಕೊಡು ಎನ್ನುತ್ತಾರೆ, ಎಂಬಂತಹ ವಿವರಣೆಗಳಿವೆ. ಮಾತಿನ ಪಕ್ಕದಲ್ಲೇ ಅರ್ಥವೂ ಇರುವುದರಿಂದ ಹುಡುಕಾಟಕ್ಕೆ ಒಂದು ಆಸರೆ ದೊರೆಯಿತು.

ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದಿದ್ದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಕನ್ನಡದ ವಾದವನ್ನು ಎತ್ತಿಹಿಡಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಕಡೆ ಒಲಿದರು. ಕಥೆಯ ಕರಾವಳಿ ಉಡುಪಿ ಬಳಿಯ ಮಲ್ಪೆಯದೇ ಇರಬೇಕೆಂಬ ಊಹೆಯೂ ಹೊರಟಿತು. ಕರಾವಳಿಯೆಂದ ಮೇಲೆ ತುಳು ಸುಮ್ಮನಿರಲು ಸಾಧ್ಯವೇ? ಅದು ಕನ್ನಡವಲ್ಲ, ತುಳು ಎಂದು ಶಿವಪ್ರಸಾದ ರೈ ಅವರು 1985ರಲ್ಲಿ ಪ್ರತಿಪಾದಿಸಿದರು.

ಒಪ್ಪದವರ ಮಾತು

ವಿರೋಧವೂ ಬೇಗನೆ ಬಂತು. ಲಂಡನ್ನಿನ ಭಾರತೀಯ ಭಾಷಾ ವಿದ್ವಾಂಸ ಎಲ್.ಡಿ. ಬಾರ್ನೆಟ್ 1926ರಲ್ಲಿ ಈ ಮಾತುಗಳು ಕನ್ನಡ ಎಂಬ ವಾದವನ್ನು ಖಂಡಿಸಿ ಬರೆದರು. ಇಂದಿಗೂ ಗ್ರೀಕ್ ವಿದ್ವಾಂಸರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. ಅವರ ಹಿಂಜರಿಕೆಯ ಕಾರಣಗಳನ್ನು ನಾವೂ ಅರಿಯಬೇಕು.

ಮೊದಲನೆಯದು ಲಿಪಿಯ ತೊಡಕು. ಗ್ರೀಕ್ ಅಕ್ಷರಮಾಲೆಯಲ್ಲಿ ಚ, ಟ, ಣ, ಳ ಮುಂತಾದ ನಮ್ಮ ಧ್ವನಿಗಳಿಗೆ ಅಕ್ಷರವಿಲ್ಲ. ಜೊತೆಗೆ ಆ ಕಾಲದ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಅಕ್ಷರಗಳ ಉದ್ದದ ಸಾಲನ್ನು ಎಲ್ಲಿ ಬೇಕಾದರೂ ತುಂಡರಿಸಬಹುದಾದರೆ, ಹುಡುಕುವವನ ಭಾಷೆಯ ಪದಗಳು ಅಲ್ಲಿ ಸಿಗುವುದು ಆಶ್ಚರ್ಯವಲ್ಲ. ಒಬ್ಬರಿಗೆ ಕನ್ನಡ, ಮತ್ತೊಬ್ಬರಿಗೆ ತುಳು ಸಿಕ್ಕದ್ದೇ ಇದಕ್ಕೆ ನಿದರ್ಶನ.

ಎರಡನೆಯದು ಕಾಲದ ತೊಡಕು. ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುತ್ತೇವೆ. ತಾಳಗುಂದದ ಸಿಂಹಕಟಾಂಜನ ಶಾಸನ 370ರದ್ದೆಂಬ ಅಭಿಪ್ರಾಯವಿದೆ. ಎರಡೂ ಈ ಪಪೈರಸ್ಸಿಗಿಂತ ಈಚಿನವು. 2ನೆಯ ಶತಮಾನದ ಕನ್ನಡ ವಾಕ್ಯ ಹೇಗಿತ್ತು ಎಂದು ತಾಳೆ ನೋಡಲು ಬೇರೆ ಬರಹವೇ ನಮ್ಮಲ್ಲಿಲ್ಲ. ಹೀಗಿರುವಾಗ ಎಷ್ಟೋ ಶತಮಾನಗಳ ನಂತರದ ಕನ್ನಡವನ್ನು ಕನ್ನಡಿಯಾಗಿಟ್ಟುಕೊಂಡು ಅದನ್ನು ಓದುವುದು ಅಪಾಯ.

ಮೂರನೆಯದು ನಾಟಕದ ಸ್ವಭಾವ. ಪರದೇಶದವನು ಅರ್ಥವಾಗದ ಏನನ್ನೋ ಆಡಿದರೆ ಪ್ರೇಕ್ಷಕರು ನಗುತ್ತಾರೆ. ಕ್ರಿ.ಪೂ. 425ರಲ್ಲೇ ಅರಿಸ್ಟೋಫನೀಸ್ ತನ್ನ ಹಾಸ್ಯನಾಟಕದಲ್ಲಿ ಪರ್ಷಿಯನ್ನನೊಬ್ಬನ ಬಾಯಲ್ಲಿ ಇಂತಹ ಮಾತು ಆಡಿಸಿದ್ದ. ಈ ರಾಜನ ಮಾತೂ ಬರೀ ಬಡಬಡಿಕೆ ಇರಬಹುದು. ನಾವಿಕರಿಂದ ಕೇಳಿದ ನಾಲ್ಕಾರು ನಿಜ ಪದಗಳನ್ನು ಬೆರೆಸಿದ ಬಡಬಡಿಕೆಯೂ ಇರಬಹುದು.

ಚಂದ್ರವಳ್ಳಿಯ ನಾಣ್ಯ

ನಾವಿಕರಿಂದ ಕೇಳಿರಬಹುದು ಎನ್ನುವುದಕ್ಕೆ ಮಾತ್ರ ಬಲವಾದ ಆಧಾರವಿದೆ. ಆ ಕಾಲದಲ್ಲಿ ಮುಂಗಾರಿನ ಗಾಳಿ ಹಿಡಿದು ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ನಮ್ಮ ಪಶ್ಚಿಮ ಕರಾವಳಿಗೆ ಹಡಗುಗಳು ಬರುತ್ತಿದ್ದವು. ಮೆಣಸು ಒಯ್ಯುತ್ತಿದ್ದವು, ಚಿನ್ನ, ಬೆಳ್ಳಿ, ಮದ್ಯ ತರುತ್ತಿದ್ದವು. ಭಾರತದ ವ್ಯಾಪಾರಕ್ಕೆ ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆ ಎಂದು ರೋಮಿನ ಪ್ಲಿನಿ ಹಲುಬಿದ್ದ. ಭೂಗೋಳಕಾರ ಟಾಲೆಮಿಯ ಪಟ್ಟಿಯಲ್ಲಿ ಬನವಾಸಿಯ ಹೆಸರಿದೆ.

ಒಳನಾಡಿಗೂ ಇದರ ಗಾಳಿ ಬೀಸಿತ್ತು. ಚನ್ನಗಿರಿ ಸೀಮೆಗೆ ನೆರೆಯಾದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ದೊರೆತಿವೆ. ಡಾ. ಎಂ.ಎಚ್. ಕೃಷ್ಣ ಅವರು ಅಗೆದಿದ್ದ ಈ ನೆಲೆಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದು ವರದಿ ಪ್ರಕಟಿಸಿದರು. ಕಡಲಾಚೆಯ ಬೆಳ್ಳಿ ದುರ್ಗದ ಬಂಡೆಗಳವರೆಗೆ ಬಂದಿತ್ತೆಂದರೆ, ಇಲ್ಲಿಯ ನಾಲ್ಕು ಮಾತು ಕಡಲಾಚೆಗೆ ಹೋಗಿರುವುದು ಅಸಾಧ್ಯವೇನಲ್ಲ. ಆದರೆ ಸಾಧ್ಯತೆ ಬೇರೆ, ಪುರಾವೆ ಬೇರೆ.

ಒಂಟಿ ಊಟ, ಪಂಕ್ತಿ ಊಟ

ಪರದೇಶದವರನ್ನು ಅವರ ಊಟ, ಕುಡಿತದಿಂದ ಅಳೆಯುವುದು ಗ್ರೀಕರ ಹಳೆಯ ಅಭ್ಯಾಸ. ಕ್ರಿ.ಪೂ. 300ರ ಸುಮಾರಿಗೆ ಮೌರ್ಯರ ಪಾಟಲಿಪುತ್ರಕ್ಕೆ ಬಂದಿದ್ದ ಮೆಗಾಸ್ತನೀಸ್ ಭಾರತೀಯರ ಊಟವನ್ನು ಬಣ್ಣಿಸಿದ್ದಾನೆ. ಪ್ರತಿಯೊಬ್ಬರ ಮುಂದೆಯೂ ಒಂದು ಪೀಠ, ಅದರ ಮೇಲೆ ಚಿನ್ನದ ಬಟ್ಟಲು, ಮೊದಲು ಅನ್ನ, ಆಮೇಲೆ ಬಗೆಬಗೆಯ ವ್ಯಂಜನ. ಯಜ್ಞಗಳಲ್ಲಿ ಬಿಟ್ಟರೆ ಇವರು ಮದ್ಯ ಕುಡಿಯುವುದಿಲ್ಲ ಎಂದೂ ಬರೆದಿದ್ದಾನೆ. ಅವನು ಮೆಚ್ಚದ ಸಂಗತಿ ಒಂದೇ. ಇವರು ಒಬ್ಬೊಬ್ಬರೇ ಉಣ್ಣುತ್ತಾರೆ, ಎಲ್ಲರೂ ಒಟ್ಟಿಗೆ ಕೂರುವ ಹೊತ್ತೆಂಬುದಿಲ್ಲ, ಒಟ್ಟಿಗೆ ಉಂಡರೆ ಸಮಾಜಕ್ಕೆ ಒಳ್ಳೆಯದಿತ್ತು ಎಂಬುದು ಅವನ ಅಭಿಪ್ರಾಯ.

ಒಟ್ಟಿಗೆ ಉಣ್ಣದಿರುವುದರ ಹಿಂದೆ ಎಂತಹ ಗೋಡೆಗಳಿರುತ್ತವೆ ಎಂಬುದು ನಮಗೆ ಗೊತ್ತು. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದಾಸೋಹದ ಪಂಕ್ತಿಯಲ್ಲಿ ಕುಲ ಕೇಳದೆ ಬಡಿಸಲು ಹೊರಟಾಗ ಎದುರಿಸಿದ್ದು ಇದೇ ಗೋಡೆಯನ್ನು. ಪರದೇಶದವನೊಬ್ಬ ಸಾವಿರ ವರ್ಷಕ್ಕೂ ಹಿಂದೆ ಗಮನಿಸಿದ್ದ ಕೊರತೆಗೆ ಅದು ಈ ನೆಲದೊಳಗಿನಿಂದಲೇ ಎದ್ದ ಉತ್ತರ.

ಗ್ರೀಕರ ನೋಟಕ್ಕೆ ಇನ್ನೊಂದು ಮಗ್ಗುಲೂ ಉಂಟು. ಪ್ರಹಸನದಲ್ಲಿ ಅವರ ಮದ್ಯ ನಮ್ಮವರನ್ನು ನಗೆಪಾಟಲಿಗೆ ಈಡುಮಾಡುತ್ತದೆ. ಆದರೆ ತಮಿಳಿನ ಸಂಗಂ ಕಾವ್ಯವಾದ ಪುರನಾನೂರಿನಲ್ಲಿ ಯವನರು ತಂದ ಅದೇ ಮದ್ಯವನ್ನು ಪಾಂಡ್ಯ ದೊರೆ ಚಿನ್ನದ ಬಟ್ಟಲಲ್ಲಿ ಸವಿಯಲಿ ಎಂದು ಕವಿ ಹರಸುತ್ತಾನೆ. ಅಲ್ಲಿ ಯವನ ಕೇವಲ ಸರಕು ತಂದು ಒಪ್ಪಿಸುವವನು. ಯಾರು ಬರೆದರು ಎನ್ನುವುದರ ಮೇಲೆ ಯಾರು ದೊರೆ, ಯಾರು ಕೋಡಂಗಿ ಎಂಬುದು ನಿರ್ಧಾರವಾಗುತ್ತದೆ.

ಹೆಮ್ಮೆಗೆ ಬೇಕಾದ ಎಚ್ಚರ

ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಿದೆ. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಬ್ರಹ್ಮಗಿರಿ ಶಾಸನದಲ್ಲಿರುವ ಇಸಿಲ ಎಂಬ ಊರಿನ ಹೆಸರು ಕನ್ನಡದ್ದೆಂದು ಡಿ.ಎಲ್. ನರಸಿಂಹಾಚಾರ್ ತೋರಿಸಿದ್ದಾರೆ. ನಮ್ಮ ಭಾಷೆಯ ಹಿರಿತನ ಒಂದು ಪಪೈರಸ್ ಹಾಳೆಯನ್ನು ಜೋತುಬಿದ್ದು ನಿಂತಿಲ್ಲ. ಆದ್ದರಿಂದ ಆ ಹಾಳೆಯಲ್ಲಿ ಕನ್ನಡ ಇದೆಯೆಂದು ವೇದಿಕೆಯ ಮೇಲೆ ಘೋಷಿಸುವ ತುರ್ತು ನಮಗಿಲ್ಲ. ಇರಬಹುದು, ಇನ್ನೂ ಸಿದ್ಧವಾಗಿಲ್ಲ ಎನ್ನುವುದರಿಂದ ಕಳೆದುಕೊಳ್ಳುವುದೂ ಏನಿಲ್ಲ.

ಸಂಶಯವಿಲ್ಲದೆ ಉಳಿಯುವುದೇ ಸಾಕಷ್ಟಿದೆ. ನೈಲ್ ನದಿಯ ಒಂದು ಊರಿನಲ್ಲಿ ಜನ ಭಾರತದ ಕಡಲ ದಂಡೆಯನ್ನು ರಂಗದ ಮೇಲೆ ಕಲ್ಪಿಸಿಕೊಂಡಿದ್ದರು. ಅದಕ್ಕೊಂದು ಗುಡಿ, ಒಬ್ಬ ರಾಜ, ಬಾರಿಸಲು ವಾದ್ಯ ಮತ್ತು ಅವರಿಗೆ ತಿಳಿಯದ ಒಂದು ಭಾಷೆಯನ್ನು ಕೊಟ್ಟಿದ್ದರು. ನಕ್ಕು ಮುಗಿಸಿ ತಿಪ್ಪೆಗೆ ಎಸೆದ ಆ ಮಾತುಗಳನ್ನು ಹಟವಿಲ್ಲದೆ ಕಿವಿಗೊಟ್ಟು ಕೇಳುವ ಕೆಲಸ ಮುಂದಿನ ವಿದ್ವಾಂಸರಿಗೆ ಇನ್ನೂ ಉಳಿದಿದೆ.