ಡ್ವೊರಾಕ್ ಕೀಲಿವಿನ್ಯಾಸ: ಒಂದು ವಿಮರ್ಶೆ

1874ರಲ್ಲಿ ಅಮೆರಿಕದ ರೆಮಿಂಗ್ಟನ್ ಸಂಸ್ಥೆಯು ಮಾರಾಟಕ್ಕೆ ತಂದ ಷೋಲ್ಸ್ ಬೆರಳಚ್ಚು ಯಂತ್ರದಿಂದ ಬೆಳೆದುಬಂದ 'ಕ್ವರ್ಟಿ' ಅಕ್ಷರವಿನ್ಯಾಸವು ಕ್ರಮೇಣ ರೂಢಮೂಲವಾಯಿತು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಆಗಸ್ಟ್ ಡ್ವೊರಾಕರು ವಿಲಿಯಂ ಡೀಲಿಯವರೊಡನೆ 1936ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಇಂಗ್ಲಿಷಿನ ಐದು ಸ್ವರಗಳೂ ಎಡಗೈಯ ನಡುಸಾಲಿನಲ್ಲಿವೆ. ಬೆರಳುಗಳ ಅಲೆದಾಟ ತಗ್ಗಿ, ಎರಡು ಕೈಗಳೂ ಸರದಿಯಂತೆ ದುಡಿಯಬೇಕೆಂಬುದು ಅವರ ಆಶಯವಾಗಿದ್ದಿತು.

1944ರಲ್ಲಿ ಅಮೆರಿಕದ ನೌಕಾದಳವು ನಡೆಸಿದ ಪರೀಕ್ಷೆಯು ಹೊಸ ವಿನ್ಯಾಸವನ್ನು ಎತ್ತಿಹಿಡಿಯಿತು. ಆದರೆ 1956ರಲ್ಲಿ ಅರ್ಲ್ ಸ್ಟ್ರಾಂಗರು ಸರ್ಕಾರಕ್ಕಾಗಿ ನಡೆಸಿದ ಪರೀಕ್ಷೆಯಲ್ಲಿ, ಹಳೆಯ ವಿನ್ಯಾಸದಲ್ಲಿಯೇ ಹೆಚ್ಚಿನ ಶಿಕ್ಷಣ ಪಡೆದವರು ಹಿಂದೆ ಬೀಳಲಿಲ್ಲ. 1982ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಡ್ವೊರಾಕ್ ವಿನ್ಯಾಸವನ್ನು ಪರ್ಯಾಯವಾಗಿ ಅಂಗೀಕರಿಸಿದರೂ ರೂಢಿ ಬದಲಾಗಲಿಲ್ಲ.

ವಿನ್ಯಾಸದ ಗುಣವನ್ನು ತೂಗುವಾಗ, ಕೈಗೆ ಒಗ್ಗಿದುದನ್ನು ಬಿಟ್ಟು ಹೊಸತನ್ನು ಕಲಿಯುವ ಶ್ರಮವನ್ನೂ ಎಣಿಸಬೇಕೆಂದು ನಾವು ಭಾವಿಸುತ್ತೇವೆ. ಪರೀಕ್ಷೆಗಳ ಫಲಿತಾಂಶವನ್ನು ಓದುವವರು ಯಾರನ್ನು ಯಾರೊಡನೆ ಹೋಲಿಸಲಾಯಿತೆಂಬುದನ್ನು ಮೊದಲು ವಿಚಾರಿಸುವುದು ಯುಕ್ತ.