ಚಂದ್ರನಿಗೆ ಹೋಗದ ಸ್ಪೀಡ್‌ಮಾಸ್ಟರ್: ಒಮೆಗಾದ 39 ಮಿ.ಮೀ. ಆಟೋಮ್ಯಾಟಿಕ್ ‘ರೆಡ್ಯೂಸ್ಡ್’ ಕೊಳ್ಳಬಹುದೇ?

ಕೈಗಡಿಯಾರದ ಹುಚ್ಚಿರುವವರಲ್ಲಿ ಒಮೆಗಾ ಸ್ಪೀಡ್‌ಮಾಸ್ಟರ್ ಹೆಸರು ಕೇಳದವರು ಕಡಿಮೆ. ಚಂದ್ರನ ನೆಲದ ಮೇಲೆ ಗಗನಯಾತ್ರಿಯೊಬ್ಬರು ಧರಿಸಿದ ಮೊದಲ ವಾಚು ಇದು. ಹಾಗಾಗಿ ‘ಮೂನ್‌ವಾಚ್’ ಎಂಬ ಅಡ್ಡಹೆಸರು ಅಂಟಿಕೊಂಡಿದೆ. ಆದರೆ ಹಳೆಯ ವಾಚುಗಳ ಮಾರುಕಟ್ಟೆಯಲ್ಲಿ ಕಣ್ಣಾಡಿಸಿದರೆ ನೋಡಲು ಹಾಗೆಯೇ ಇರುವ, ತುಸು ಚಿಕ್ಕದಾದ, ಬೆಲೆಯೂ ಸಾಕಷ್ಟು ಕಡಿಮೆ ಇರುವ ಇನ್ನೊಂದು ಸ್ಪೀಡ್‌ಮಾಸ್ಟರ್ ಸಿಗುತ್ತದೆ. ಅದೇ ಕಪ್ಪು ಡಯಲ್, ಅದೇ ಬಿಳಿ ಮುಳ್ಳುಗಳು, ಮೂರು ಪುಟ್ಟ ವೃತ್ತಗಳು. ಕೆಲವು ಮಾರಾಟಗಾರರು ಇದನ್ನೂ ‘ಮೂನ್‌ವಾಚ್’ ಎಂದೇ ಹೇಳಿ ಮಾರುತ್ತಾರೆ.

ಇದು ಮೂನ್‌ವಾಚ್ ಅಲ್ಲ. ಸಂಗ್ರಹಕಾರರು ಇದನ್ನು ‘ಸ್ಪೀಡ್‌ಮಾಸ್ಟರ್ ರೆಡ್ಯೂಸ್ಡ್’ ಎನ್ನುತ್ತಾರೆ. ಹೊರಗಿನ ಮುಖ ಒಂದೇ ಆದರೂ ಒಳಗಿನ ಯಂತ್ರ ಪೂರ್ತಿ ಬೇರೆ. ಲಕ್ಷಗಳ ಲೆಕ್ಕದ ಹಣ ಕೈಬಿಡುವ ಮುನ್ನ ಈ ವ್ಯತ್ಯಾಸ ತಿಳಿದಿರಲೇಬೇಕು. ತಿಳಿದು ಕೊಂಡರೆ ಒಳ್ಳೆಯ ವಾಚು. ಮೂನ್‌ವಾಚ್ ಎಂದು ನಂಬಿ ಕೊಂಡರೆ ನಿರಾಸೆ ಖಚಿತ.

ಮೂಲ ವಾಚಿನ ಕಥೆ

ಸ್ಪೀಡ್‌ಮಾಸ್ಟರ್ ಮಾರುಕಟ್ಟೆಗೆ ಬಂದದ್ದು 1957ರಲ್ಲಿ. ಆಗ ಅದು ಕಾರ್ ರೇಸ್ ನಡೆಸುವವರನ್ನು ಗಮನದಲ್ಲಿಟ್ಟುಕೊಂಡು ಮಾಡಿದ ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಸೌಲಭ್ಯವಿರುವ ಕೈಗಡಿಯಾರ. ವೇಗ ಲೆಕ್ಕ ಹಾಕುವ ಟ್ಯಾಕಿಮೀಟರ್ ಅಂಕಿಗಳನ್ನು ಡಯಲ್‌ನಿಂದ ಹೊರತೆಗೆದು ಗಾಜಿನ ಸುತ್ತಲಿನ ಬಳೆಯ ಮೇಲೆ ಕೂರಿಸಿದ್ದು ಅದರ ಹೊಸತನವಾಗಿತ್ತು.

ಬಾಹ್ಯಾಕಾಶದ ಅಧ್ಯಾಯ ಆಮೇಲೆ ಶುರುವಾಯಿತು. ನಾಸಾ ಹಲವು ಕಂಪನಿಗಳ ವಾಚುಗಳನ್ನು ಬಿಸಿ, ಚಳಿ, ನಿರ್ವಾತ, ಕಂಪನಗಳಿಗೆ ಒಡ್ಡಿ ಪರೀಕ್ಷಿಸಿ, 1965ರ ಮಾರ್ಚ್‌ನಲ್ಲಿ ಸ್ಪೀಡ್‌ಮಾಸ್ಟರ್‌ಗೆ ಒಪ್ಪಿಗೆ ನೀಡಿತು. 1969ರ ಜುಲೈನಲ್ಲಿ ಅಪೊಲೊ 11 ಇಳಿದಾಗ ನೀಲ್ ಆರ್ಮ್‌ಸ್ಟ್ರಾಂಗ್ ತಮ್ಮ ವಾಚನ್ನು ನೌಕೆಯೊಳಗೇ ಬಿಟ್ಟು ಹೊರಬಂದಿದ್ದರು. ಚಂದ್ರನ ನೆಲದಲ್ಲಿ ಅದನ್ನು ಕಟ್ಟಿಕೊಂಡು ಓಡಾಡಿದವರು ಬಜ್ ಆಲ್ಡ್ರಿನ್. ಮರುವರ್ಷ ಅಪೊಲೊ 13 ಅಪಾಯಕ್ಕೆ ಸಿಲುಕಿದಾಗ, ಎಂಜಿನ್ ಅನ್ನು 14 ಸೆಕೆಂಡು ಉರಿಸಿ ದಾರಿ ಸರಿಪಡಿಸಲು ಸಮಯ ಎಣಿಸಿದ್ದೂ ಇದೇ ವಾಚಿನಲ್ಲಿ.

ಈ ವಾಚುಗಳೆಲ್ಲ ಕೀ ಕೊಟ್ಟು ಓಡಿಸುವಂಥವು. ಬೆಂಗಳೂರಿನ ಎಚ್‌ಎಂಟಿ ‘ಜನತಾ’ ಕಟ್ಟಿದ ತಲೆಮಾರಿಗೆ ಈ ಅಭ್ಯಾಸ ಹೊಸದಲ್ಲ: ಬೆಳಿಗ್ಗೆ ಎದ್ದು ಹತ್ತಿಪ್ಪತ್ತು ಸುತ್ತು ತಿರುಗಿಸಿದರೆ ದಿನದ ಚಿಂತೆ ಇಲ್ಲ. ಸ್ಪೀಡ್‌ಮಾಸ್ಟರ್ ಹಾಗಿರಲು ವಿಶೇಷ ತತ್ವವೇನೂ ಕಾರಣವಲ್ಲ. ಅದು ಹುಟ್ಟಿದ ಕಾಲಕ್ಕೆ ತಾನಾಗಿ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಕ್ರೋನೋಗ್ರಾಫ್ ಜಗತ್ತಿನಲ್ಲೇ ಇರಲಿಲ್ಲ. ಅವು ಬಂದದ್ದು 1969ರಲ್ಲಿ. ಸ್ವಿಟ್ಜರ್ಲೆಂಡ್‌ನ ಜೆನಿತ್, ಹೋಯರ್ ಮತ್ತು ಬ್ರೈಟ್ಲಿಂಗ್ ಜೊತೆಗೂಡಿದ ಬಳಗ, ಜಪಾನಿನ ಸೀಕೊ, ಮೂರೂ ಕಡೆಯಿಂದ ಒಂದೇ ವರ್ಷದಲ್ಲಿ.

(ತೂಕವಿಲ್ಲದ ಸ್ಥಿತಿಯಲ್ಲಿ ಆಟೋಮ್ಯಾಟಿಕ್ ವಾಚು ಕೆಲಸ ಮಾಡದು, ಆದ್ದರಿಂದಲೇ ನಾಸಾ ಕೀ ಕೊಡುವ ವಾಚು ಆರಿಸಿತು ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಕೈ ಅಲುಗಿದರೆ ಸಾಕು, ಒಳಗಿನ ರೋಟರ್ ಜಡತ್ವದಿಂದಲೇ ತಿರುಗುತ್ತದೆ. ಸ್ಕೈಲ್ಯಾಬ್‌ನ ಕೊನೆಯ ತಂಡದಲ್ಲಿದ್ದ ವಿಲಿಯಂ ಪೋಗ್ 1973ರಲ್ಲಿ ಆಟೋಮ್ಯಾಟಿಕ್ ಸೀಕೊ ಕಟ್ಟಿಕೊಂಡು ಹೋಗಿದ್ದರು. ಅದು ಚೆನ್ನಾಗಿಯೇ ಓಡಿತು.)

1988ರಲ್ಲಿ ಬಂದ ಚಿಕ್ಕ ತಮ್ಮ

ಮೂನ್‌ವಾಚ್‌ನ ಅಗಲ 42 ಮಿ.ಮೀ. ದಿನವೂ ಕೀ ಕೊಡಲು ಬೇಸರಪಡುವವರಿಗೆ, ಸಣ್ಣ ಮುಂಗೈಯವರಿಗೆ ಎಂದು ಒಮೆಗಾ 1988ರಲ್ಲಿ ಸುಮಾರು 39 ಮಿ.ಮೀ. ಅಗಲದ ಆಟೋಮ್ಯಾಟಿಕ್ ಆವೃತ್ತಿ ತಂದಿತು. 3510.50 ಎಂಬ ಸಂಖ್ಯೆಯಿಂದ ಹೆಚ್ಚು ಪರಿಚಿತವಾದ ಇದು ಸುಮಾರು ಎರಡು ದಶಕ ಮಾರಾಟದಲ್ಲಿತ್ತು. ಫಾರ್ಮುಲಾ ಒನ್ ಚಾಲಕ ಮೈಕೆಲ್ ಶೂಮಾಕರ್ ಹೆಸರಿನಲ್ಲಿ ಹಳದಿ, ಕೆಂಪು ಡಯಲ್‌ಗಳಲ್ಲೂ ಬಂದಿತ್ತು. ಈಗ ಹೊಸದಾಗಿ ತಯಾರಾಗುತ್ತಿಲ್ಲ. ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್.

ಗುರುತಿಸುವುದು ಕಷ್ಟವಲ್ಲ. ಮೂನ್‌ವಾಚ್‌ನಲ್ಲಿ ‘ಸ್ಪೀಡ್‌ಮಾಸ್ಟರ್’ ಕೆಳಗೆ ‘ಪ್ರೊಫೆಷನಲ್’ ಎಂದಿರುತ್ತದೆ. ರೆಡ್ಯೂಸ್ಡ್‌ನಲ್ಲಿ ಆ ಪದವಿಲ್ಲ, ‘ಆಟೋಮ್ಯಾಟಿಕ್’ ಎಂದಿರುತ್ತದೆ. ಸದಾ ಓಡುವ ಸೆಕೆಂಡು ಮುಳ್ಳಿನ ಪುಟ್ಟ ವೃತ್ತ ಮೂನ್‌ವಾಚ್‌ನಲ್ಲಿ 9ರ ಬಳಿ, ರೆಡ್ಯೂಸ್ಡ್‌ನಲ್ಲಿ 3ರ ಬಳಿ. ಚಿಕ್ಕ ವಾಚಿನಲ್ಲಿ ಈ ವೃತ್ತಗಳು ಡಯಲ್‌ನ ಅಂಚಿಗೆ ಸರಿದು ನಿಂತಂತೆ ಕಾಣುತ್ತವೆ. ವಾಚನ್ನು ಅಡ್ಡಲಾಗಿ ಹಿಡಿದು ಪಕ್ಕದಿಂದ ನೋಡಿದರೆ ಇನ್ನೂ ಸ್ಪಷ್ಟ: ಕೀ ಕೊಡುವ ತಿರುಪು ಕೆಳಗೆ, ಅದರ ಆಚೀಚೆಯ ಎರಡು ಒತ್ತುಗುಂಡಿಗಳು ಮೇಲೆ. ಮೂನ್‌ವಾಚ್‌ನಲ್ಲಿ ಮೂರೂ ಒಂದೇ ಸಾಲಿನಲ್ಲಿರುತ್ತವೆ.

ಎರಡು ಯಂತ್ರ, ಒಂದು ಪೆಟ್ಟಿಗೆ

ಆ ಮೇಲು-ಕೆಳಗಿನ ಗುಂಡಿಗಳಲ್ಲೇ ಇಡೀ ವಾಚಿನ ಗುಟ್ಟು ಅಡಗಿದೆ. ಮೂನ್‌ವಾಚ್‌ನ ಯಂತ್ರದಲ್ಲಿ ಸಮಯ ತೋರಿಸುವ ಭಾಗ, ಸ್ಟಾಪ್‌ವಾಚ್ ಭಾಗ ಎರಡನ್ನೂ ಒಟ್ಟಿಗೆ ಹೆಣೆಯಲಾಗಿದೆ. ರೆಡ್ಯೂಸ್ಡ್‌ನಲ್ಲಿ ಹಾಗಿಲ್ಲ. ಕೆಳಗಿರುವುದು ಈಟಿಎ 2892 ಎಂಬ ತೆಳುವಾದ ಆಟೋಮ್ಯಾಟಿಕ್ ಯಂತ್ರ. ಅದರ ನೆತ್ತಿಯ ಮೇಲೆ, ಡಯಲ್‌ನ ಅಡಿಯಲ್ಲಿ, ಡುಬ್ವಾ-ಡೆಪ್ರಾ ಎಂಬ ಸ್ವಿಸ್ ಸಂಸ್ಥೆಯ ಸ್ಟಾಪ್‌ವಾಚ್ ಘಟಕವನ್ನು ಕೂರಿಸಲಾಗಿದೆ. ಎರಡು ಅಂತಸ್ತಿನ ಮನೆ ಇದ್ದಂತೆ: ತಿರುಪು ಕೆಳ ಅಂತಸ್ತಿಗೆ ಸೇರಿದ್ದು, ಗುಂಡಿಗಳು ಮೇಲಿನದಕ್ಕೆ. ವೃತ್ತಗಳು ಎಲ್ಲಿ ಬರಬೇಕೆಂದು ನಿರ್ಧರಿಸುವುದೂ ಆ ಮೇಲಿನ ಘಟಕವೇ.

ಈ ಬಗೆಯ ಜೋಡಣೆಯನ್ನು ಅಗ್ಗದ ಕೆಲಸ ಎಂದು ಹಳಿಯುವ ಸಂಗ್ರಹಕಾರರಿದ್ದಾರೆ. ಅದು ಅತಿಯಾಯಿತು. 1969ರಲ್ಲಿ ಹೋಯರ್, ಬ್ರೈಟ್ಲಿಂಗ್ ಬಳಗ ಹೊರತಂದ ಆಟೋಮ್ಯಾಟಿಕ್ ಕ್ರೋನೋಗ್ರಾಫ್ ಕೂಡ ಇದೇ ತತ್ವದ್ದು, ಅದರ ಸ್ಟಾಪ್‌ವಾಚ್ ಭಾಗದಲ್ಲೂ ಇದೇ ಸಂಸ್ಥೆಯ ಕೈಯಿತ್ತು. 2892 ಯಂತ್ರವಂತೂ ಹತ್ತಾರು ಬ್ರ್ಯಾಂಡ್‌ಗಳು ನೆಚ್ಚಿಕೊಂಡದ್ದು. ತಿರುಪು ಎಳೆದರೆ ಅದರ ಸೆಕೆಂಡು ಮುಳ್ಳು ನಿಲ್ಲುತ್ತದೆ, ಸಮಯವನ್ನು ಸೆಕೆಂಡಿಗೆ ಸೆಕೆಂಡು ಹೊಂದಿಸಬಹುದು. 2021ಕ್ಕೆ ಮೊದಲು ಬರುತ್ತಿದ್ದ 1861 ಯಂತ್ರದ ಮೂನ್‌ವಾಚ್‌ನಲ್ಲಿ ಈ ಸೌಲಭ್ಯ ಇರಲಿಲ್ಲ! ಮುಳ್ಳಿನ ಓಟವೂ ರೆಡ್ಯೂಸ್ಡ್‌ನಲ್ಲೇ ಹೆಚ್ಚು ನಯ: ಅದರ ಯಂತ್ರ ಗಂಟೆಗೆ 28,800 ಬಾರಿ ಮಿಡಿದರೆ, 1861ರದು 21,600.

ಸೋಲುವುದು ಗುಂಡಿ ಒತ್ತುವ ಅನುಭವದಲ್ಲಿ. ಮೂನ್‌ವಾಚ್‌ನ ಗುಂಡಿ ಗಟ್ಟಿಯಾಗಿ, ಖಚಿತವಾಗಿ ‘ಟಿಕ್’ ಎನ್ನುತ್ತದೆ. ರೆಡ್ಯೂಸ್ಡ್‌ನದು ಅಷ್ಟು ಹಿತವಲ್ಲ. ದಿನಕ್ಕೊಮ್ಮೆ ಅನ್ನ ಬೇಯಿಸುವಾಗ ಸಮಯ ನೋಡುವವರಿಗೆ ಇದು ದೊಡ್ಡ ಸಂಗತಿಯೇ ಅಲ್ಲ. ಕೈಯಲ್ಲಿ ಯಂತ್ರದ ಸ್ಪರ್ಶಕ್ಕಾಗಿಯೇ ವಾಚು ಕೊಳ್ಳುವವರಿಗೆ ದೊಡ್ಡ ಸಂಗತಿ.

ನಿಜವಾದ ಖರ್ಚು ಸರ್ವಿಸ್‌ನಲ್ಲಿ

ಕೊಳ್ಳುವ ಬೆಲೆಯನ್ನಷ್ಟೇ ನೋಡಿ ಮುಗ್ಗರಿಸುವವರು ಹೆಚ್ಚು. ಯಾಂತ್ರಿಕ ವಾಚನ್ನು 5ರಿಂದ 8 ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಹಾಕಬೇಕು. ರೆಡ್ಯೂಸ್ಡ್‌ನ ಕೆಳ ಅಂತಸ್ತನ್ನು ಅನುಭವಿ ರಿಪೇರಿಗಾರರು ಯಾರಾದರೂ ನೋಡಿಕೊಂಡಾರು. ಮೇಲಿನ ಸ್ಟಾಪ್‌ವಾಚ್ ಘಟಕದ ಕಥೆಯೇ ಬೇರೆ. ಮುಳ್ಳು, ಡಯಲ್ ಎಲ್ಲ ತೆಗೆದ ಮೇಲಷ್ಟೇ ಅದು ಕೈಗೆ ಸಿಗುತ್ತದೆ. ಬಿಡಿಬಿಡಿಯಾಗಿ ದುರಸ್ತಿ ಮಾಡುವ ಬದಲು ಇಡೀ ಘಟಕವನ್ನೇ ಬದಲಿಸುವುದು ಅನೇಕ ಕಡೆ ರೂಢಿ. ಹಾಗಾಗಿ ‘ಕಡಿಮೆಗೆ ಸಿಕ್ಕಿತು’ ಎಂದು ಕೊಂಡ, ಸ್ಟಾಪ್‌ವಾಚ್ ಕೆಟ್ಟ ವಾಚು, ಸರ್ವಿಸ್ ಬಿಲ್ ಬರುವ ಹೊತ್ತಿಗೆ ಕಡಿಮೆಯದಾಗಿ ಉಳಿಯುವುದಿಲ್ಲ.

ಇತ್ತೀಚೆಗೆ ಸರ್ವಿಸ್ ಆದ, ಅದಕ್ಕೆ ಬಿಲ್ ಇರುವ ವಾಚಿಗೆ ತುಸು ಹೆಚ್ಚು ಕೊಡುವುದೇ ಜಾಣತನ. ಬಾಯಿಮಾತಿನ ‘ಸರ್ವಿಸ್ ಆಗಿದೆ ಸಾರ್’ ಲೆಕ್ಕಕ್ಕಿಲ್ಲ.

ಕೈಗೆ ಹೊಂದುವುದು ಹೇಗೆ ನೋಡುವುದು?

ಬರೀ ಅಗಲದ ಅಂಕಿ ನಂಬಬೇಡಿ. ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗೆ, ಅಂದರೆ ಬೆಲ್ಟು ಸಿಕ್ಕಿಸುವ ತುದಿಯಿಂದ ತುದಿಗೆ ಎಷ್ಟು ಉದ್ದ ಎಂಬುದು ಮುಖ್ಯ. ಮೂನ್‌ವಾಚ್‌ನಲ್ಲಿ ಅದು ಸುಮಾರು 47ರಿಂದ 48 ಮಿ.ಮೀ., ರೆಡ್ಯೂಸ್ಡ್‌ನಲ್ಲಿ ಸುಮಾರು 44ರಿಂದ 45. ಮುಂಗೈ ಮೇಲ್ಭಾಗದ ಸಮತಟ್ಟಾದ ಅಗಲವನ್ನು ಸ್ಕೇಲ್ ಇಟ್ಟು ಅಳೆದುಕೊಳ್ಳಿ. ವಾಚಿನ ಕಿವಿಗಳು ಅದನ್ನು ದಾಟಿ ಹೊರಚಾಚಿದರೆ ಎಂಥ ಇತಿಹಾಸವೂ ಕೈ ಮೇಲೆ ಚೆನ್ನಾಗಿ ಕೂರದು. ಬೆಲ್ಟಿನ ಅಗಲವೂ ಬೇರೆ: ಮೂನ್‌ವಾಚ್‌ಗೆ 20 ಮಿ.ಮೀ., ಇದಕ್ಕೆ 18.

ಚಿಕ್ಕದು ಎಂದರೆ ಅಸಲಿಯಲ್ಲ ಎಂದು ಭಾವಿಸುವವರಿಗೆ ಒಂದು ಮಾತು. 1957ರ ಮೊದಲ ಸ್ಪೀಡ್‌ಮಾಸ್ಟರ್‌ನ ಅಗಲ 40 ಮಿ.ಮೀ. ಒಳಗೇ ಇತ್ತು. 1965ರಲ್ಲಿ ಎಡ್ ವೈಟ್ ಅಮೆರಿಕದ ಮೊದಲ ಬಾಹ್ಯಾಕಾಶ ನಡಿಗೆ ನಡೆಸಿದಾಗ ಕಟ್ಟಿದ್ದೂ ಅಂಥ ಚಿಕ್ಕ ಪೆಟ್ಟಿಗೆಯದೇ. ತಿರುಪಿಗೆ ರಕ್ಷಣೆಯಾಗಿ ಬಲಬದಿ ಉಬ್ಬಿಸಿದ ನಂತರ ವಾಚು 42ಕ್ಕೆ ಬೆಳೆಯಿತು. ಅಳತೆಯ ಮಟ್ಟಿಗೆ ರೆಡ್ಯೂಸ್ಡ್ ಮೂಲಕ್ಕೆ ಹತ್ತಿರವೇ ಇದೆ.

ಆಟೋಮ್ಯಾಟಿಕ್ ಎಂಬ ಅನುಕೂಲವನ್ನೂ ತೂಗಿ ನೋಡಬೇಕು. ದಿನವೂ ಇದೊಂದನ್ನೇ ಕಟ್ಟುವವರಿಗೆ ಅದು ನಿಜವಾದ ಲಾಭ. ನಾಲ್ಕೈದು ವಾಚು ಇಟ್ಟುಕೊಂಡವರಿಗೆ ಅಷ್ಟಿಲ್ಲ: ಪೂರ್ತಿ ತುಂಬಿದ ಸ್ಪ್ರಿಂಗ್ ಸುಮಾರು 40 ಗಂಟೆ ನಡೆಸುತ್ತದೆ, ಶುಕ್ರವಾರ ಸಂಜೆ ಬಿಚ್ಚಿಟ್ಟರೆ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ನಿಂತಿರುತ್ತದೆ. ಹೇಗೂ ದಿನಾಂಕವಿಲ್ಲದ ವಾಚು, ಮತ್ತೆ ಹೊಂದಿಸುವುದು ನಿಮಿಷದ ಕೆಲಸ.

ಕೊಳ್ಳುವ ಮುನ್ನ ಅಂಗಡಿಯಲ್ಲೇ

ಸ್ಟಾಪ್‌ವಾಚ್ ಚಾಲೂ ಮಾಡಿ, ಅರ್ಧ ಗಂಟೆ ಓಡಲು ಬಿಡಿ. ಮಾರುವವರು ಅವಸರ ಮಾಡಿದರೂ ಬಿಡಿ. 9ರ ಬಳಿಯ ನಿಮಿಷದ ಮುಳ್ಳು ಪೂರ್ತಿ ಒಂದು ಸುತ್ತು ಬರಬೇಕು, 6ರ ಬಳಿಯ ಗಂಟೆ ಮುಳ್ಳು ಸರಿಯಬೇಕು, ನಿಲ್ಲಿಸಿ ಕೆಳಗಿನ ಗುಂಡಿ ಒತ್ತಿದರೆ ಎಲ್ಲವೂ ನೇರ ಮೇಲಕ್ಕೆ ಬಂದು ನಿಲ್ಲಬೇಕು. ಸೆಕೆಂಡು ಮುಳ್ಳು ಒಂದು ಗೆರೆ ಆಚೀಚೆ ನಿಂತರೂ ಕೇಳಿ.

ಡಯಲ್‌ನ ಕೆಳ ಅಂಚಿನಲ್ಲಿ ‘ಸ್ವಿಸ್ ಮೇಡ್’ ಆಚೀಚೆ ‘ಟಿ’ ಅಕ್ಷರವಿದ್ದರೆ ಅದು ಹೊಳಪಿಗೆ ಟ್ರಿಟಿಯಂ ಬಳಸುತ್ತಿದ್ದ ಕಾಲದ್ದು. ಆ ಬಳಕೆ 1990ರ ದಶಕದ ಕೊನೆಗೆ ನಿಂತಿತು. 2003ರ ವಾಚು ಎಂದು ಹೇಳಿ ‘ಟಿ’ ಡಯಲ್ ತೋರಿಸಿದರೆ ಯಾವುದೋ ಒಂದು ಭಾಗ ಬದಲಾಗಿದೆ ಎಂದೇ ಅರ್ಥ. ಗಾಜಿನ ಗೀರುಗಳಿಗೆ ಮಾತ್ರ ಹೆದರಬೇಕಿಲ್ಲ. ಸಾಮಾನ್ಯವಾಗಿ ಅದು ಹೆಸಲೈಟ್ ಎಂಬ ಪ್ಲಾಸ್ಟಿಕ್ ಜಾತಿಯದು, ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜಿದರೆ ಸಣ್ಣ ಗೀರು ಮಾಯ. ಪೆಟ್ಟಿಗೆಯ ಲೋಹವನ್ನು ಉಜ್ಜಿ ಉಜ್ಜಿ ಕಿವಿಗಳ ಅಂಚು ಸವೆದಿದ್ದರೆ ಅದಕ್ಕೆ ಮದ್ದಿಲ್ಲ.

ನೀರಿನ ವಿಷಯದಲ್ಲಿ ಧೈರ್ಯ ಬೇಡ. 30 ಮೀಟರ್ ಎಂದು ಬರೆದದ್ದು ಈಜಲು ಪರವಾನಗಿಯಲ್ಲ. ಇಪ್ಪತ್ತು ವರ್ಷದ ರಬ್ಬರ್ ಸೀಲ್ ಇರುವ ವಾಚನ್ನು ಮುಂಬೈ ಮಳೆಗಾಲದಲ್ಲಿ ಕಟ್ಟಿ ಲೋಕಲ್ ಹಿಡಿಯಲು ಓಡುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಕ್ಷೇಮ.

ಚಿಕ್ಕದೇ ಬೇಕು, ಇದು ಬೇಡ ಎಂದರೆ?

ಎರಡು ದಾರಿಗಳಿವೆ. 2017ರಲ್ಲಿ ಬಂದ 38 ಮಿ.ಮೀ. ಸ್ಪೀಡ್‌ಮಾಸ್ಟರ್ ಕೂಡ ಆಟೋಮ್ಯಾಟಿಕ್. ಯಂತ್ರ ಆಧುನಿಕ, ಆದರೆ 6ರ ಬಳಿ ದಿನಾಂಕದ ಕಿಟಕಿ, ವೃತ್ತಗಳಿಗೆ ಅಂಡಾಕಾರದ ಚೌಕಟ್ಟು. ಮೂಲದ ಸರಳ ಮುಖ ಬಯಸುವವರಿಗೆ ರುಚಿಸಲಿಕ್ಕಿಲ್ಲ. ಇನ್ನೊಂದು ‘ಫಸ್ಟ್ ಒಮೆಗಾ ಇನ್ ಸ್ಪೇಸ್’. 1962ರಲ್ಲಿ ವಾಲಿ ಶಿರಾ ತಮ್ಮದೇ ವಾಚು ಕಟ್ಟಿಕೊಂಡು ಬಾಹ್ಯಾಕಾಶಕ್ಕೆ ಹೋಗಿದ್ದರ ನೆನಪಿಗೆ ಮಾಡಿದ 39.7 ಮಿ.ಮೀ. ವಾಚು. 2012ರಲ್ಲಿ ಮೊದಲು ಬಂತು, 2024ರಲ್ಲಿ ಹೊಸ ಯಂತ್ರದೊಂದಿಗೆ ಮರಳಿತು. ಕೀ ಕೊಡುವುದಕ್ಕೆ ಬೇಸರವಿಲ್ಲದ, ಕಥೆಯೂ ಬೇಕು ಚಿಕ್ಕದೂ ಬೇಕು ಎನ್ನುವವರು ಹಣ ಕೂಡಿಸಿ ಇದಕ್ಕೇ ಕಾಯುವುದು ಒಳಿತು. ಅಂಥವರು ರೆಡ್ಯೂಸ್ಡ್ ಕೊಂಡರೆ ಎರಡೇ ವರ್ಷದಲ್ಲಿ ಮಾರಲು ಹೊರಡುತ್ತಾರೆ.

ಚಂದ್ರನ ಕಥೆ ಇಲ್ಲದೆಯೂ ಆ ಮುಖ ಇಷ್ಟವಾಯಿತು, ಕಚೇರಿಗೆ ದಿನವೂ ಕಟ್ಟುತ್ತೇನೆ, ಅಂಗಿಯ ತೋಳಿನೊಳಗೆ ಸಲೀಸಾಗಿ ಸೇರಬೇಕು ಎನ್ನುವವರಿಗೆ ರೆಡ್ಯೂಸ್ಡ್ ಧಾರಾಳವಾಗಿ ಸಾಕು. ಬೆಲೆ ಕೇಳುವಾಗ ಮೂನ್‌ವಾಚ್‌ನ ಬೆಲೆಗೆ ಹೋಲಿಸಬೇಡಿ, ಇತರ ರೆಡ್ಯೂಸ್ಡ್‌ಗಳ ಬೆಲೆಗೆ ಹೋಲಿಸಿ. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಮತ್ತು ಜಿಎಸ್‌ಟಿ ಸೇರಿದ ಮೇಲಿನ ಮೊತ್ತವೇ ನಿಜವಾದ ಬೆಲೆ. ಇಲ್ಲೇ ಕೊಳ್ಳುವಾಗ ವಾಚಿನ ಸೀರಿಯಲ್ ಸಂಖ್ಯೆ ನಮೂದಿಸಿದ ಬಿಲ್ ಪಡೆಯಿರಿ. ‘ಪೂರ್ತಿ ನಗದು ಕೊಟ್ಟರೆ ಇನ್ನಷ್ಟು ಕಡಿಮೆ’ ಎಂಬ ಮಾತಿಗೆ ಒಪ್ಪಬೇಡಿ; 2 ಲಕ್ಷ ರೂ. ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.